ಫೋನ್ ಹಿಡಿಯುತ್ತೆ, ಮೋಡೆಮ್ ಹಿಡಿಯಲ್ಲ: ಚಾಕಣ್ ಶೆಡ್‌ನ ಖಾಸಗಿ 5ಜಿ

ಬಸು_ಭೋಸರಿ

ಪುಣೆ ಕಡೆ ಫ್ಯಾಕ್ಟರಿ ನೆಟ್‌ವರ್ಕ್ ಕೆಲಸ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ. ನಾನಿರುವುದು ಭೋಸರಿ ಎಂಐಡಿಸಿಯ ಒಂದು ಸಣ್ಣ ಆಟೊಮೇಷನ್ ಕಂಪನಿಯಲ್ಲಿ. ಚಾಕಣ್‌ನ ನಮ್ಮ ಗಿರಾಕಿಯೊಬ್ಬರು ಶೆಡ್ ಒಳಗೆ ಖಾಸಗಿ 5ಜಿ ಹಾಕಿಸಿದ್ದಾರೆ. ಎನ್78 ಬ್ಯಾಂಡ್ (3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗ), ಸ್ಟ್ಯಾಂಡ್‌ಅಲೋನ್. ಅಂದ್ರೆ 4ಜಿ ಆಸರೆ ಇಲ್ಲ, ಬರೀ 5ಜಿ.

ಸಾಮಾನು ಎಳೆಯುವ ಎಜಿವಿ, ಅಂದ್ರೆ ಡ್ರೈವರ್ ಇಲ್ಲದ ಗಾಡಿಗಳು ಇಲ್ಲಿತನಕ ವೈಫೈ ಮೇಲೆ ಓಡುತ್ತಿದ್ದವು. ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟುವಾಗ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಹಿಂದೆ ಬರುವ ಗಾಡಿಯೂ ನಿಲ್ಲುತ್ತಿತ್ತು. ಆಮೇಲೆ ಲೈನ್‌ನವರ ಬೈಗುಳ ನಮಗೆ. ಅದಕ್ಕೇ 5ಜಿ.

ಗಾಡಿ ಮೇಲೆ ಒಂದು ಲಿನಕ್ಸ್ ಪೆಟ್ಟಿಗೆ ಇದೆ, ಅದರೊಳಗೆ ಕ್ವೆಕ್ಟೆಲ್ ಆರ್‌ಎಂ520ಎನ್-ಜಿಎಲ್ ಮಾಡ್ಯೂಲ್, ಅದೇ ನಮ್ಮ ಮೋಡೆಮ್. ನೆಟ್‌ವರ್ಕ್ ನೋಡಿಕೊಳ್ಳುವವರು ಕೊಟ್ಟ ಸಿಮ್ ಹಾಕಿದ್ದೇವೆ. ಅವರೇ ಕೊಟ್ಟ ಇನ್ನೊಂದು ಸಿಮ್ ಫೋನಿನಲ್ಲಿ ಆರಾಮಾಗಿ ನಡೆಯುತ್ತೆ, ಬಾರ್ ಪೂರ್ತಿ. ಮೋಡೆಮ್ ಮಾತ್ರ ಜಪ್ಪಯ್ಯ ಅಂದ್ರೂ ಹಿಡಿಯಲ್ಲ. ಸಿಮ್ ರೆಡಿ ಅನ್ನುತ್ತೆ. ರಿಜಿಸ್ಟರ್ ಆಗಿದ್ಯಾ ಅಂತ ಕೇಳಿದರೆ 0,2 ಅನ್ನುತ್ತೆ. ಅಲ್ಲಿನ ಸೂಪರ್‌ವೈಸರ್ ದಿನಾ ಒಂದೇ ಮಾತು: "ಮೋಠಾ ಅಂಟೆನಾ ಲಾವಾ ನಾ ಸಾಹೇಬ್." ನಿಜಕ್ಕೂ ಆಂಟೆನಾ ದೊಡ್ಡದು ಮಾಡಬೇಕಾ?

---

ವೆರ್ನಾ_ವಾಸು

ನಾನೂ ಸಾಲಿನಲ್ಲಿ ನಿಂತಿದ್ದೇನೆ. ಗೋವಾದ ವೆರ್ನಾ ಎಸ್ಟೇಟ್‌ನಲ್ಲಿ ಇದೇ ಥರದ ಕೆಲಸ ಬರುವುದರಲ್ಲಿದೆ. ಉತ್ತರ ಬಂದರೆ ನನಗೂ ಉಪಯೋಗ.

---

ಕೋರ್_ಕಾಕಾ

ಬಸಣ್ಣ, ಆಂಟೆನಾಗೆ ದುಡ್ಡು ಹಾಕಬೇಡಿ, ಸ್ವಲ್ಪ ತಡೀರಿ. ಗಾಡಿ ಪಕ್ಕದಲ್ಲೇ ನಿಂತ ಫೋನಿಗೆ ಪೂರ್ತಿ ಸಿಗ್ನಲ್ ಇದೆ ಅಂದ ಮೇಲೆ ಗಾಳಿಯಲ್ಲಿ ತೊಂದರೆ ಇಲ್ಲ. ಮಾಡ್ಯೂಲ್‌ನ ನಾಲ್ಕೂ ಆಂಟೆನಾ ಪಿನ್‌ಗೆ ವೈರ್ ಹೋಗಿದೆಯಾ ಅಂತ ಮಾತ್ರ ಮುಚ್ಚಳ ಬಿಚ್ಚಿ ನೋಡಿ. ಎನ್78ರಲ್ಲಿ ನಾಲ್ಕೂ ಬೇಕು. ಕೆಲವರು ಎರಡೇ ಸಿಕ್ಕಿಸಿ ಕಳಿಸುತ್ತಾರೆ. ಯಾವ ಬ್ಯಾಂಡ್‌ಗೆ ಯಾವ ಪಿನ್ನಿಂದ ಸಿಗ್ನಲ್ ಹೊರಡುತ್ತೆ ಅನ್ನುವ ಟೇಬಲ್ ಹಾರ್ಡ್‌ವೇರ್ ಪುಸ್ತಕದಲ್ಲಿ ಇರುತ್ತೆ. ಹೊರಡುವ ಪಿನ್ನೇ ಖಾಲಿ ಇದ್ದರೆ ಮೋಡೆಮ್‌ಗೆ ಕೇಳಿಸುತ್ತೆ, ಆದರೆ ಮಾತಾಡಲಿಕ್ಕೆ ಬರಲ್ಲ.

ಈಗ ಆ 0,2ಕ್ಕೆ ಬರೋಣ. ಎರಡನೇ ಅಂಕಿಯಲ್ಲೇ ಅರ್ಧ ಉತ್ತರ ಇದೆ. 1 ಅಂದ್ರೆ ಸ್ವಂತ ನೆಟ್‌ವರ್ಕ್‌ನಲ್ಲಿ ಸೇರಿದೆ. 5 ಅಂದ್ರೆ ರೋಮಿಂಗ್‌ನಲ್ಲಿ ಸೇರಿದೆ, ಅದೂ ಸೇರಿದ ಹಾಗೇ. 3 ಅಂದ್ರೆ ಬಾಗಿಲು ತಟ್ಟಿದೆ, ಒಳಗಿನವರು ಬೇಡ ಅಂದಿದ್ದಾರೆ. 2 ಅಂದ್ರೆ ಇನ್ನೂ ಹುಡುಕುತ್ತಿದೆ, ಬಾಗಿಲೇ ಸಿಕ್ಕಿಲ್ಲ. 0 ಅಂದ್ರೆ ಹುಡುಕುವುದನ್ನೂ ಬಿಟ್ಟಿದೆ. ನಿಮ್ಮದು 2. ಹಾಗಾಗಿ ಸಿಮ್‌ನ ಕೀ, ಕೋರ್ (ಸಿಮ್ ಗುರುತಿಸಿ ಒಳಗೆ ಬಿಡುವ, ನೆಟ್‌ವರ್ಕ್‌ನ ಮಿದುಳು), ಪಾಸ್‌ವರ್ಡ್ ಯಾವುದಕ್ಕೂ ಈಗ ಕೈ ಹಾಕಬೇಡಿ. ಆ ಮಾತುಕತೆ ಶುರುವೇ ಆಗಿಲ್ಲ.

ಈ ನಾಲ್ಕು ವಿಷಯ ಮೋಡೆಮ್‌ನನ್ನೇ ಕೇಳಿ, ಉತ್ತರ ಇಲ್ಲಿ ಹಾಕಿ. ಕ್ಯೂಎನ್‌ಡಬ್ಲ್ಯುಪ್ರೆಫ್‌ಸಿಎಫ್‌ಜಿ ಕಮಾಂಡ್‌ನಲ್ಲಿ ಮೋಡ್ ಪ್ರೆಫರೆನ್ಸ್ ಏನಿದೆ? ಅದೇ ಕಮಾಂಡ್‌ನಲ್ಲಿ ಎನ್‌ಆರ್5ಜಿ ಡಿಸೇಬಲ್ ಮೋಡ್ ಎಷ್ಟು? ಎನ್‌ಆರ್ ಬ್ಯಾಂಡ್ ಪಟ್ಟಿಯಲ್ಲಿ 78 ಇದೆಯಾ? ಕ್ಯೂಎಂಬಿಎನ್‌ಸಿಎಫ್‌ಜಿ ಲಿಸ್ಟ್ ಕೊಟ್ಟರೆ ಯಾವ ಪ್ರೊಫೈಲ್ ಚಾಲ್ತಿಯಲ್ಲಿದೆ ಅನ್ನುತ್ತೆ?

---

ಬಸು_ಭೋಸರಿ

ಕಾಕಾ, ಮುಚ್ಚಳ ಬಿಚ್ಚಿ ನೋಡಿದೆ, ನಾಲ್ಕೂ ವೈರ್ ಸರಿ ಇವೆ. ಮೋಡ್ ಪ್ರೆಫರೆನ್ಸ್ ಆಟೊ. ಬ್ಯಾಂಡ್ ಪಟ್ಟಿಯಲ್ಲಿ 78 ಇದೆ. ಡಿಸೇಬಲ್ ಮೋಡ್ 1. ಪ್ರೊಫೈಲ್ ಯಾವುದೋ ಹೊರದೇಶದ ಆಪರೇಟರ್ ಹೆಸರಿನದು, ಅದರ ಮುಂದೆ ಸೆಲೆಕ್ಟೆಡ್ ಅಂತ ಬರ್ತಿದೆ.

ಇನ್ನೊಂದು: ಕಮಾಂಡ್ ಕೊಡುವಾಗ ನಡುವೆ ನಡುವೆ ಉತ್ತರ ಕಲಸುಮೇಲೋಗರ ಆಗುತ್ತೆ. ಅರ್ಧ ನನ್ನ ಪ್ರಶ್ನೆಯ ಉತ್ತರ, ಅರ್ಧ ಇನ್ಯಾವುದರದೋ.

---

ಕೋರ್_ಕಾಕಾ

ಸಿಕ್ಕಿತಲ್ಲ. ಡಿಸೇಬಲ್ ಮೋಡ್ 0 ಇದ್ದರೆ ಎರಡೂ ಬಗೆಯ 5ಜಿ ಓಕೆ. 1 ಇದ್ದರೆ ಸ್ಟ್ಯಾಂಡ್‌ಅಲೋನ್ ಬಂದ್. 2 ಇದ್ದರೆ ನಾನ್-ಸ್ಟ್ಯಾಂಡ್‌ಅಲೋನ್ ಬಂದ್. ನಿಮ್ಮ ಶೆಡ್‌ನಲ್ಲಿ ಇರುವುದೇ ಸ್ಟ್ಯಾಂಡ್‌ಅಲೋನ್, ಮೋಡೆಮ್‌ನಲ್ಲಿ ಬಂದ್ ಆಗಿರುವುದೂ ಅದೇ. ನೂರು ಆಂಟೆನಾ ಹಾಕಿದರೂ ಹಿಡಿಯುತ್ತಿರಲಿಲ್ಲ.

ಇದು ಹಾಗೆ ಆಗಿದ್ದು ಬಹುಶಃ ಆ ಪ್ರೊಫೈಲ್‌ನಿಂದ. ಎಂಬಿಎನ್ ಅಂದ್ರೆ ಆಪರೇಟರಿಗೆ ತಕ್ಕ ಹಾಗೆ ಮೋಡೆಮ್ ಹೇಗೆ ನಡೆಯಬೇಕು ಅನ್ನುವ ಕಟ್ಟು. ಯಾವ ಬ್ಯಾಂಡ್, ಸ್ಟ್ಯಾಂಡ್‌ಅಲೋನ್ ಬೇಕಾ ಬೇಡವಾ, ಎಪಿಎನ್ (ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ಹೆಸರು) ಏನು, ವೋಲ್ಟೆ ಇದೆಯಾ, ಎಲ್ಲಾ ಅದರೊಳಗೆ ಇರುತ್ತೆ. ಆಟೊ ಸೆಲೆಕ್ಟ್ ಇದ್ದರೆ ಮೋಡೆಮ್ ಸಿಮ್‌ನ ಮೊದಲ ಅಂಕಿಗಳನ್ನು ನೋಡಿ ತಾನೇ ಒಂದನ್ನು ಆರಿಸಿಕೊಳ್ಳುತ್ತೆ. ಖಾಸಗಿ ಸಿಮ್‌ನ ಅಂಕಿ ಅದರ ಪಟ್ಟಿಯಲ್ಲೇ ಇರಲ್ಲ. ಆಗ ಪೆಟ್ಟಿಗೆ ಮಾರಿದವರು ಹಿಂದೆ ಯಾವುದನ್ನು ಇಟ್ಟಿದ್ದರೋ ಅದೇ ಉಳಿಯಬಹುದು. ಫೋನ್ ಕಂಪನಿಗಳು ಇದನ್ನೆಲ್ಲ ಒಳಗೊಳಗೇ ಸರಿ ಮಾಡಿಬಿಟ್ಟಿರುತ್ತವೆ. ಮಾಡ್ಯೂಲ್‌ನಲ್ಲಿ ನಾವೇ ಮಾಡಬೇಕು.

ಮಾಡುವ ಕ್ರಮ: ಮೊದಲು ಆಟೊ ಸೆಲೆಕ್ಟ್ 0 ಮಾಡಿ. ಆಮೇಲೆ ಆರ್‌ಒಡಬ್ಲ್ಯು ಕಮರ್ಷಿಯಲ್ ಪ್ರೊಫೈಲ್ ಆರಿಸಿ. ಅದು ಯಾವ ಆಪರೇಟರಿಗೂ ಅಂಟಿಕೊಳ್ಳದ ಪ್ರೊಫೈಲ್. ಸಿಎಫ್‌ಯುಎನ್ 1,1 ಕೊಟ್ಟು ರೀಸ್ಟಾರ್ಟ್ ಮಾಡಿ. ಎದ್ದ ಮೇಲೆ ಡಿಸೇಬಲ್ ಮೋಡ್ 0 ಮಾಡಿ, ಮೋಡ್ ಪ್ರೆಫರೆನ್ಸ್‌ನಲ್ಲಿ ಬರೀ ಎನ್‌ಆರ್5ಜಿ ಇಡಿ. ಈ ಕ್ರಮ ತಿರುವುಮುರುವು ಮಾಡಬೇಡಿ. ಪ್ರೊಫೈಲ್ ಬದಲಾದರೆ ನೀವು ಮೊದಲು ಬರೆದದ್ದನ್ನು ಅದು ಅಳಿಸಿಬಿಡಬಹುದು.

ಕಲಸುಮೇಲೋಗರಕ್ಕೆ ಕಾರಣ ಲಿನಕ್ಸ್‌ನ ಮೋಡೆಮ್‌ಮ್ಯಾನೇಜರ್. ನೀವು ಕೂತ ಪೋರ್ಟ್‌ನಲ್ಲೇ ಅದೂ ಕೂತಿದೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ನಿಲ್ಲಿಸಿ.

---

ಐರೋಲಿ_ಅಕ್ಕ

ನಡುವೆ ಬಾಯಿ ಹಾಕುತ್ತಿದ್ದೇನೆ. ವಾಸು, ನಿಮಗೆ ಒಂದು ಮಾತು. ಗಿರಾಕಿ "ಪ್ರೈವೇಟ್ ನೆಟ್‌ವರ್ಕ್" ಅಂದರೆ ಮೊದಲು ಯಾವುದು ಅಂತ ಬಿಡಿಸಿ ಕೇಳಿ. ನವಿ ಮುಂಬೈಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾಗಿರುವುದು ಬರೀ ಖಾಸಗಿ ಎಪಿಎನ್. ಟವರ್ ಆಪರೇಟರದ್ದೇ, ಎಲ್ಲರೂ ಬಳಸುವುದೇ. ಸಿಮ್ ಮಾತ್ರ ಎಂ2ಎಂ (ಯಂತ್ರಗಳಿಗೆ ಅಂತಲೇ ಇರುವುದು), 13 ಅಂಕಿಯ ನಂಬರಿನದು. ಡೇಟಾ ಇಂಟರ್‌ನೆಟ್‌ಗೆ ಹೋಗದೆ ನೇರ ಗಿರಾಕಿಯ ಆಫೀಸಿಗೆ ಹೋಗುತ್ತೆ. ಪಂಪ್‌ಹೌಸ್, ಮೀಟರ್, ಎಟಿಎಂ ಇಂಥದ್ದಕ್ಕೆ ಅಷ್ಟು ಸಾಕು. ಅಲ್ಲಿ ಮೋಡೆಮ್‌ಗೆ ಎಪಿಎನ್ ಹೆಸರು, ಕೊಟ್ಟಿದ್ದರೆ ಯೂಸರ್ ನೇಮ್, ಪಾಸ್‌ವರ್ಡ್ ತುಂಬಿದರೆ ಮುಗೀತು. ಪ್ರೊಫೈಲ್ ತಲೆನೋವು ಅಷ್ಟಾಗಿ ಇರಲ್ಲ.

ಬಸು ಹೇಳುತ್ತಿರುವುದು ಬೇರೆ. ರೇಡಿಯೊ, ಕೋರ್, ಸಿಮ್ ಎಲ್ಲಾ ಆ ಫ್ಯಾಕ್ಟರಿಗೇ ಮೀಸಲು.

---

ವೆರ್ನಾ_ವಾಸು

ಅಕ್ಕಾ, ಗಿರಾಕಿಗೆ ಬೇಕಾಗಿರುವುದು ಎರಡನೆಯದೇ, ಕೇಳಿದ್ದೇನೆ. ಅದಕ್ಕೂ ಮುಂಚೆ ನಮ್ಮಲ್ಲೇ ಒಂದು ಸಣ್ಣ ಲ್ಯಾಬ್ ಮಾಡಿ ಕಲಿಯೋಣ ಅಂತ. ಕೋರ್‌ಗೆ ಓಪನ್5ಜಿಎಸ್ ಸಾಫ್ಟ್‌ವೇರ್ ಸುಮ್ನೆ ಸಿಗುತ್ತೆ, ರೇಡಿಯೊ ಕಡೆಗೆ ಎಸ್‌ಆರ್‌ಎಸ್‌ರಾನ್ ಇದೆ, ಅದು ಹೇಳಿದ ಹಾಗೆ ತರಂಗ ಬಿಡುವ ಒಂದು ಎಸ್‌ಡಿಆರ್ ಬೋರ್ಡ್ ತಗೊಂಡರೆ ಆಯ್ತು. ಆಫೀಸಿನ ಮೂಲೆಯಲ್ಲಿ ಕಡಿಮೆ ಪವರ್‌ನಲ್ಲಿ ಹಚ್ಚಿದರೆ ಯಾರಿಗೆ ಗೊತ್ತಾಗುತ್ತೆ?

---

ಐರೋಲಿ_ಅಕ್ಕ

ಬೇಡಪ್ಪಾ. ಗೊತ್ತಾಗುತ್ತೆ. ಎನ್78ರ ಆ ತರಂಗ ಇಲ್ಲಿ 2022ರ ಹರಾಜಿನಲ್ಲಿ ದುಡ್ಡು ಕೊಟ್ಟು ತಗೊಂಡವರದ್ದು. ಪಕ್ಕದ ಬಿಲ್ಡಿಂಗಿನವರ ಫೋನ್ ನಿಮ್ಮ ಸೆಲ್ ನೋಡಿ ತಡವರಿಸಲು ಶುರು ಮಾಡಿದರೆ ದೂರು ಹೋಗುತ್ತೆ, ಹುಡುಕಿಕೊಂಡು ಬರುತ್ತಾರೆ.

ನಿಯಮ ಹೀಗಿದೆ. 2022ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಸಿಎನ್‌ಪಿಎನ್ ಮಾರ್ಗಸೂಚಿ ಹೊರಡಿಸಿತು. ಕ್ಯಾಪ್ಟಿವ್ ನಾನ್-ಪಬ್ಲಿಕ್ ನೆಟ್‌ವರ್ಕ್ ಅಂತ ಪೂರ್ತಿ ಹೆಸರು. ಅದರಲ್ಲಿ ನಾಲ್ಕು ದಾರಿ. ಆಪರೇಟರ್ ತನ್ನ ಸಾರ್ವಜನಿಕ ನೆಟ್‌ವರ್ಕ್‌ನಲ್ಲೇ ಒಂದು ಪಾಲು ಕತ್ತರಿಸಿ ಕೊಡುವುದು. ಅಥವಾ ಆಪರೇಟರೇ ಬಂದು ಫ್ಯಾಕ್ಟರಿ ಒಳಗೆ ಪ್ರತ್ಯೇಕ ನೆಟ್‌ವರ್ಕ್ ಕಟ್ಟಿಕೊಡುವುದು. ಅಥವಾ ಫ್ಯಾಕ್ಟರಿಯವರು ಆಪರೇಟರಿಂದ ತರಂಗ ಲೀಸ್‌ಗೆ ತಗೊಂಡು ತಾವೇ ಕಟ್ಟಿಕೊಳ್ಳುವುದು. ನಾಲ್ಕನೆಯದು ಸರ್ಕಾರದಿಂದಲೇ ನೇರ ತರಂಗ ಪಡೆಯುವುದು. ಅದಕ್ಕೆ ಎಷ್ಟು ಬೇಡಿಕೆ ಇದೆ ಅಂತ ಮೊದಲು ಅಧ್ಯಯನ ಆಗಬೇಕು ಅಂತ ಅಲ್ಲೇ ಬರೆದಿದ್ದರು. ತಾವೇ ಕಟ್ಟಿಕೊಳ್ಳುವವರಿಗೆ ಲೈಸೆನ್ಸ್ ಬೇಕು. ಆ ಮಾರ್ಗಸೂಚಿಯಲ್ಲಿ ಅವಧಿ 10 ವರ್ಷ, ಅರ್ಜಿ ಶುಲ್ಕ 50,000 ರೂಪಾಯಿ ಅಂತಿತ್ತು. ಒಂದು ಕಟ್ಟುನಿಟ್ಟು: ಆ ನೆಟ್‌ವರ್ಕನ್ನು ಸಾರ್ವಜನಿಕ ಫೋನ್ ನೆಟ್‌ವರ್ಕ್‌ಗೆ ಜೋಡಿಸುವ ಹಾಗಿಲ್ಲ.

ಕಲಿಯಲಿಕ್ಕೆ ಅಂತಲೇ ಪ್ರಯೋಗದ ಲೈಸೆನ್ಸ್ ಬೇರೆ ಇದೆ, ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ. ಹೊರಗೆ ತರಂಗ ಬಿಡುವುದಕ್ಕೆ ಒಂದು, ಬಿಡದಿರುವುದಕ್ಕೆ ಇನ್ನೊಂದು. ನಿಮಗೆ ಎರಡನೆಯದು ಸಾಕು. ಎಸ್‌ಡಿಆರ್‌ಗೂ ಮೋಡೆಮ್‌ಗೂ ನಡುವೆ ಆಂಟೆನಾನೇ ಹಾಕಬೇಡಿ. ಕೇಬಲ್ ಹಾಕಿ, ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ, ಎರಡನ್ನೂ ಶೀಲ್ಡ್ ಡಬ್ಬಿಯಲ್ಲಿಡಿ. ಅಟೆನ್ಯುಯೇಟರ್ ಇಲ್ಲದೆ ನೇರ ಸಿಕ್ಕಿಸಿದರೆ ರಿಸೀವರ್ ಸುಟ್ಟು ಹೋಗಬಹುದು, ಹುಷಾರು.

---

ಹಿಂಜವಡಿ_ಹರ್ಷ

2022ರಲ್ಲೇ ಏರ್‌ಟೆಲ್ ಬೆಂಗಳೂರಿನ ಬಾಷ್ ಘಟಕದಲ್ಲಿ ಖಾಸಗಿ 5ಜಿ ಪ್ರಯೋಗ ಮಾಡಿತ್ತು. ಅದೇ ವರ್ಷ ಟೆಕ್ ಮಹೀಂದ್ರಾ ಜೊತೆ ಸೇರಿ ಚಾಕಣ್‌ನ ಮಹೀಂದ್ರಾ ಘಟಕಕ್ಕೂ ತಂದರು. ಬಸು ಹೇಳುತ್ತಿರುವುದು ಅದೇನಾ?

---

ಬಸು_ಭೋಸರಿ

ಅಲ್ಲ ಅಲ್ಲ. ಅದು ಆನೆ, ನಮ್ಮದು ಇರುವೆ. ಬೇರೆ ಜಾಗ, ಬೇರೆ ಜನ, ಹೆಸರು ಹೇಳುವ ಹಾಗಿಲ್ಲ.

ಕಾಕಾ, ಹೇಳಿದ ಹಾಗೆ ಮಾಡಿದೆ. ನಾಸಿಕ್ ಹೈವೇ ಟ್ರಾಫಿಕ್‌ನಲ್ಲಿ ಬೆವರಿಳಿಸಿಕೊಂಡು ಹೋಗಿದ್ದು ದಂಡ ಆಗಲಿಲ್ಲ. ಈಗ 0,2 ಹೋಗಿ 0,3 ಬಂದಿದೆ! ಬಾಗಿಲು ಸಿಕ್ಕಿದೆ, ಒಳಗಿನವರು ಬೇಡ ಅನ್ನುತ್ತಿದ್ದಾರೆ. ಕೋರ್ ನೋಡುವವರಿಗೆ ಫೋನ್ ಮಾಡಿದೆ. ನಮ್ಮ ಕಡೆ ಎಲ್ಲಾ ಸರಿ ಇದೆ, ಫೋನ್ ನಡೀತಿಲ್ವಾ, ನಿಮ್ಮ ಮೋಡೆಮ್ ಬದಲಾಯಿಸಿ ಅಂದರು.

---

ಕೋರ್_ಕಾಕಾ

ಅವರ ಜೊತೆ ವಾದ ಮಾಡಬೇಡಿ. ಸಿಮ್ ಅದಲು ಬದಲು ಮಾಡಿ. ಫೋನಿನ ಸಿಮ್ ಮೋಡೆಮ್‌ಗೆ, ಮೋಡೆಮ್ ಸಿಮ್ ಫೋನಿಗೆ. ಫೋನಿನ ಸಿಮ್ ಹಾಕಿದಾಗ ಮೋಡೆಮ್ ಸೇರಿತು ಅಂದ್ರೆ ಮೋಡೆಮ್ ನಿರಪರಾಧಿ. ಮೋಡೆಮ್ ಸಿಮ್ ಹಾಕಿದಾಗ ಫೋನೂ ಸೇರಲಿಲ್ಲ ಅಂದ್ರೆ ತಪ್ಪು ಸಿಮ್‌ದು, ಇಲ್ಲಾ ಕೋರ್‌ನಲ್ಲಿ ಆ ಸಿಮ್ ಬಗ್ಗೆ ಬರೆದಿಟ್ಟದ್ದು.

---

ಹಿಂಜವಡಿ_ಹರ್ಷ

ಬದಲಾಯಿಸುವಾಗ ಎರಡನ್ನೂ ಪೂರ್ತಿ ಆಫ್ ಮಾಡಿ. ಏರೋಪ್ಲೇನ್ ಮೋಡ್ ಸಾಲಲ್ಲ.

---

ಬಸು_ಭೋಸರಿ

ಮಾಡಿದೆ. ಫೋನಿನ ಸಿಮ್ ಹಾಕಿದ ತಕ್ಷಣ ಮೋಡೆಮ್ 0,1. ಮೋಡೆಮ್‌ದು ಹಾಕಿದರೆ ಫೋನಿನಲ್ಲಿ "ನೋ ಸರ್ವಿಸ್". ಇದರ ಫೋಟೊ ತೆಗೆದು ಕೋರ್‌ನವರಿಗೆ ಕಳಿಸಿದ ಮೇಲೆ ಅವರ ದನಿ ಸ್ವಲ್ಪ ಮೆತ್ತಗಾಯಿತು. ಫೋನಿನ ಸಿಮ್‌ಗಳು ಮೊದಲ ಲಾಟ್‌ನವು, ಗಾಡಿಗಳ ಸಿಮ್‌ಗಳು ಆಮೇಲೆ ತರಿಸಿದ ಲಾಟ್ ಅಂತ ಈಗ ಹೇಳುತ್ತಿದ್ದಾರೆ. ಅವರಿಂದ ಇನ್ನೇನು ಕೇಳಲಿ?

---

ಕೋರ್_ಕಾಕಾ

ನಂಬರ್ ಕೇಳಿ. "ರಿಜೆಕ್ಟ್ ಆಗ್ತಿದೆ" ಅನ್ನುವ ಮಾತು ಬೇಡ, ಯಾವ ಕಾರಣದ ನಂಬರ್ ಅಂತ ಲಾಗ್‌ನಲ್ಲಿ ಇದ್ದೇ ಇರುತ್ತೆ. ಮೊಬೈಲ್ ನೆಟ್‌ವರ್ಕ್‌ಗಳ ಮಾನದಂಡ ಬರೆಯುವ 3ಜಿಪಿಪಿಯ ದಾಖಲೆಯಲ್ಲಿ ಪ್ರತಿ ಕಾರಣಕ್ಕೂ ಒಂದು ನಂಬರ್ ಇದೆ.

ಖಾಸಗಿ ನೆಟ್‌ವರ್ಕ್‌ನಲ್ಲಿ ಜಾಸ್ತಿ ಸಿಗುವವು ಇವು. 11 ಬಂದರೆ ಈ ನೆಟ್‌ವರ್ಕ್‌ಗೆ ನಿನಗೆ ಅನುಮತಿ ಇಲ್ಲ ಅಂತ ಅರ್ಥ. ಓಪನ್5ಜಿಎಸ್‌ನಲ್ಲಿ ಸಿಮ್‌ನ ಐಎಂಎಸ್‌ಐ (ಸಿಮ್‌ನ ಗುರುತಿನ ನಂಬರ್) ಪಟ್ಟಿಗೆ ಸೇರಿಸದೇ ಇದ್ದರೂ ಇದೇ 11 ಬರುತ್ತೆ. ಹಾಗಾಗಿ ನಂಬರ್ ನೋಡಿ ಹೆದರುವ ಮುಂಚೆ ಪಟ್ಟಿ ನೋಡಿ. 62 ಬಂದರೆ ಸ್ಲೈಸ್, ಅಂದ್ರೆ ನೆಟ್‌ವರ್ಕ್‌ನಲ್ಲಿ ಆ ಸಿಮ್‌ಗೆ ಇಟ್ಟ ಪಾಲು, ಹೊಂದುತ್ತಿಲ್ಲ. 20 ಬಂದರೆ ಎಂಎಸಿ ಫೇಲ್ಯೂರ್, ಅದನ್ನು ನೆಟ್‌ವರ್ಕ್ ಹೇಳುವುದಲ್ಲ, ಮೋಡೆಮ್ ಒಳಗಿನ ಸಿಮ್ ನೆಟ್‌ವರ್ಕ್‌ಗೆ ಹೇಳುವುದು: "ನೀನು ನನ್ನ ಮನೆಯವನಲ್ಲ." ಅಂದ್ರೆ ಎರಡೂ ಕಡೆ ಇರುವ ಕೀ ಬೇರೆ ಬೇರೆ. 21 ಬಂದರೆ ಸೀಕ್ವೆನ್ಸ್ ನಂಬರ್ ಹಿಂದೆ ಮುಂದೆ ಆಗಿದೆ, ಕೋರ್ ತಾನೇ ಸರಿ ಮಾಡಿಕೊಳ್ಳುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

---

ಬಸು_ಭೋಸರಿ

20. ಎಂಎಸಿ ಫೇಲ್ಯೂರ್. ಈ ಲಾಟ್‌ನ ಎಲ್ಲಾ ಸಿಮ್‌ಗಳಿಗೂ.

---

ಕೋರ್_ಕಾಕಾ

ಎಲ್ಲದಕ್ಕೂ ಅಂದ ಮೇಲೆ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದ್ದಲ್ಲ. ಸಿಮ್ ಮಾಡಿದವರು ಕಳಿಸಿದ ಎಕ್ಸೆಲ್ ಶೀಟ್‌ನಲ್ಲಿ ಕಾಲಂ ತಲೆಬರಹ ಏನಿದೆ ನೋಡಲು ಹೇಳಿ. ಒಪಿ ಅಂತಲೋ, ಒಪಿಸಿ ಅಂತಲೋ.

ವಿಷಯ ಏನಂದ್ರೆ, ಪ್ರತಿ ಸಿಮ್‌ಗೆ ತನ್ನದೇ ಒಂದು ಗುಟ್ಟಿನ ಕೀ ಇರುತ್ತೆ, ಕೆಐ. ಅದರ ಜೊತೆ ನೆಟ್‌ವರ್ಕ್‌ನವರ ಇನ್ನೊಂದು ಸಂಖ್ಯೆ, ಒಪಿ. ಇವೆರಡನ್ನೂ ಎಇಎಸ್ ಲೆಕ್ಕದಲ್ಲಿ ಬೆರೆಸಿದರೆ ಬರುವುದು ಒಪಿಸಿ. ಒಪಿ ಇಡೀ ಲಾಟ್‌ಗೆ ಒಂದೇ ಇರಬಹುದು, ಒಪಿಸಿ ಸಿಮ್‌ಗೊಂದು. ಆದರೆ ಬರೆದಿಟ್ಟರೆ ಎರಡೂ 32 ಹೆಕ್ಸ್ ಅಂಕಿ, ಕಣ್ಣಿಗೆ ಒಂದೇ ಥರ. ಒಪಿಯನ್ನು ತಂದು ಒಪಿಸಿ ಅನ್ನುವ ಜಾಗದಲ್ಲಿ ತುಂಬಿದರೆ ಕೋರ್ ಒಂದು ಮಾತೂ ಆಡದೆ ತಗೊಳ್ಳುತ್ತೆ. ಆಮೇಲೆ ಒಂದು ಸಿಮ್ಮೂ ಒಳಗೆ ಹೋಗಲ್ಲ.

ಶೀಟ್‌ನಲ್ಲಿ ಆ ಕಾಲಂ ಮೇಲಿಂದ ಕೆಳಗೆ ಒಂದೇ ಸಂಖ್ಯೆ ಇದ್ದರೆ ಅದು ಒಪಿ. ಬೇರೆ ಪರೀಕ್ಷೆ ಬೇಕಿಲ್ಲ.

---

ಬಸು_ಭೋಸರಿ

ಮೇಲಿಂದ ಕೆಳಗೆ ಒಂದೇ ಸಂಖ್ಯೆ. ತಲೆಬರಹ ಮಾತ್ರ "ಒಪಿಸಿ" ಅಂತಲೇ ಇದೆ. ಶೀಟ್ ಕಳಿಸಿದವರ ಕೆಲಸ. ಕೋರ್‌ನವರು ಈಗ ಇಡೀ ಲಾಟನ್ನು ಮತ್ತೆ ತುಂಬುತ್ತಿದ್ದಾರೆ.

---

ವೆರ್ನಾ_ವಾಸು

ನನ್ನ ಲ್ಯಾಬ್‌ಗೆ ಖಾಲಿ ಸಿಮ್ ತರಿಸಿ ನಾನೇ ಬರೆಯುವವನು. ಬೇರೆ ಏನು ನೋಡಬೇಕು?

---

ಹಿಂಜವಡಿ_ಹರ್ಷ

ಮೊದಲು, ಸಿಮ್ ಮಾರುವವರಿಂದ ಎಡಿಎಂ ಕೀ ಇಸಿದುಕೊಳ್ಳಿ. ಅದಿಲ್ಲದೆ ಸಿಮ್ ಓದಬಹುದೇ ಹೊರತು ಬರೆಯಲಿಕ್ಕಾಗಲ್ಲ. ತಪ್ಪು ಎಡಿಎಂ ಕೆಲವೇ ಸಲ ಹೊಡೆದರೂ ಕಾರ್ಡ್ ಶಾಶ್ವತವಾಗಿ ಲಾಕ್. ಬರೆಯಲು ಪೈಸಿಮ್ ಸಾಫ್ಟ್‌ವೇರ್ ಸಾಕು.

ನೆಟ್‌ವರ್ಕ್‌ಗೆ ನಂಬರ್ ಆರಿಸುವಾಗ ಭಾರತದ ಆಪರೇಟರ್‌ಗಳ 404, 405 ಮುಟ್ಟಬೇಡಿ. ಪರೀಕ್ಷೆಗೆ 001-01 ಇದೆ. ಒಳಬಳಕೆಯ ಖಾಸಗಿ ನೆಟ್‌ವರ್ಕ್‌ಗೆ ಅಂತಲೇ ಐಟಿಯು 999 ಬಿಟ್ಟುಕೊಟ್ಟಿದೆ.

ಇಲ್ಲೊಂದು ಹೊಂಡ ಇದೆ. ದೇಶದ ಕೋಡ್ ಆದ ಮೇಲೆ ನೆಟ್‌ವರ್ಕ್ ಕೋಡ್ ಎರಡು ಅಂಕಿಯೋ ಮೂರೋ ಅನ್ನುವುದು ಐಎಂಎಸ್‌ಐ ನೋಡಿದರೆ ಗೊತ್ತಾಗಲ್ಲ. ಸಿಮ್‌ನ ಇಎಫ್-ಎಡಿ ಫೈಲ್‌ನಲ್ಲಿ ಬೇರೆಯೇ ಬರೆದಿರುತ್ತೆ. ಅಲ್ಲಿ 3 ಇದ್ದು ನಿಮ್ಮ ಸೆಲ್ 001-01 ಅಂತ ಕೂಗುತ್ತಿದ್ದರೆ, ಮೋಡೆಮ್ ತನ್ನ ಮನೆ 001-010 ಅಂದುಕೊಂಡು ನಿಮ್ಮದನ್ನು ಪರಕೀಯ ಅಂತ ನೋಡುತ್ತೆ. ಎಲ್ಲಾ ಅಂಕಿ ಸರಿ ಇದ್ದೂ ಸೇರಲ್ಲ ಅಂದಾಗ ನಾನು ಮೊದಲು ನೋಡುವುದೇ ಇದನ್ನು.

5ಜಿ ಸಿಮ್ ಆದರೆ ಸುಸಿ ಇನ್ನೊಂದು. ಐಎಂಎಸ್‌ಐ ಮರೆಮಾಚಿ ಕಳಿಸುವ ಏರ್ಪಾಡು. ಸಿಮ್‌ನಲ್ಲಿ ಅದು ಚಾಲೂ ಇದ್ದು, ಕೋರ್‌ನಲ್ಲಿ ಹೊಂದುವ ಕೀ ಇಲ್ಲದಿದ್ದರೆ ಬಂದವರು ಯಾರು ಅಂತಲೇ ಕೋರ್‌ಗೆ ತಿಳಿಯಲ್ಲ. ಲ್ಯಾಬ್‌ನಲ್ಲಿ ಮೊದಲು ಸಿಮ್‌ನ 124, 125 ನಂಬರಿನ ಸರ್ವಿಸ್‌ಗಳನ್ನು ಆಫ್ ಮಾಡಿ ನಡೆಸಿ. ಫ್ಯಾಕ್ಟರಿಯಲ್ಲಿ ಮಾತ್ರ ಚಾಲೂನೇ ಇರಲಿ.

---

ಬಸು_ಭೋಸರಿ

ಕೋರ್‌ನವರು ಸರಿ ಮಾಡಿದ್ದೇವೆ ಅಂದರು. ನಮ್ಮ ಮೂರು ಗಾಡಿಗಳಲ್ಲಿ ಎರಡು ಸೇರಿದವು. ಒಂದು ಇನ್ನೂ ಮೊಂಡು ಹಿಡಿದಿದೆ. ಅವರ ಲಾಗ್‌ನಲ್ಲಿ ಈ ಗಾಡಿಯ ಸುಳಿವೇ ಇಲ್ಲ, ಕೇಳಲಿಕ್ಕೂ ಬಂದಿಲ್ಲವಂತೆ.

---

ಕೋರ್_ಕಾಕಾ

ಅದು ಮುನಿಸಿಕೊಂಡಿದೆ. ಒಮ್ಮೆ ಕೆಲವು ಬಗೆಯಲ್ಲಿ ಬೇಡ ಅನ್ನಿಸಿಕೊಂಡರೆ ಮೋಡೆಮ್ ಆ ಸಿಮ್ ಲಾಯಕ್ಕಿಲ್ಲ ಅಂತ ಗುರುತು ಮಾಡಿ ಸುಮ್ಮನಾಗುತ್ತೆ. ಪವರ್ ತೆಗೆದು ಹಾಕುವವರೆಗೆ ಮತ್ತೆ ಕೇಳುವುದೇ ಇಲ್ಲ. ಗಾಡಿಯ ಬ್ಯಾಟರಿಯಿಂದಲೇ ಪವರ್ ತೆಗೆಯಿರಿ.

ಅದಕ್ಕೂ ಬಗ್ಗದಿದ್ದರೆ ನಿಷೇಧಿತ ಪಟ್ಟಿ ನೋಡಿ. 11 ಕಾರಣಕ್ಕೆ ಬೇಡ ಅನ್ನಿಸಿಕೊಂಡಾಗ ಆ ನೆಟ್‌ವರ್ಕ್‌ನ ನಂಬರನ್ನು ಸಿಮ್ ಒಳಗಿನ ಎಫ್‌ಪಿಎಲ್‌ಎಂಎನ್ ಫೈಲ್‌ಗೆ ಬರೆದಿಡುವುದು ಉಂಟು. ಸಿಮ್‌ನ ಮನೆ ನಂಬರ್ ಒಂದು, ಶೆಡ್‌ನಲ್ಲಿ ಪ್ರಸಾರ ಆಗುವ ನಂಬರ್ ಇನ್ನೊಂದು ಇದ್ದಾಗ ಇದು ಜಾಸ್ತಿ. ಪವರ್ ತೆಗೆದರೂ ಅದು ಅಳಿಯಲ್ಲ, ಯಾಕಂದ್ರೆ ಬರೆದಿರುವುದು ಸಿಮ್‌ನಲ್ಲಿ. ಸಿಆರ್‌ಎಸ್‌ಎಂ ಕಮಾಂಡ್‌ನಿಂದ 28539 ನಂಬರಿನ ಫೈಲ್‌ಗೆ 12 ಬೈಟ್ ಪೂರ್ತಿ ಎಫ್ ತುಂಬಿದರೆ ಪಟ್ಟಿ ಖಾಲಿ.

---

ಬಸು_ಭೋಸರಿ

ಪಟ್ಟಿ ಖಾಲಿ ಮಾಡಿದ ಮೇಲೇ ಬಗ್ಗಿತು. ಈ ಸಿಮ್ಮನ್ನು ಕೋರ್ ಪಟ್ಟಿಗೆ ಸೇರಿಸುವ ಮುಂಚೆಯೇ ಯಾರೋ ಹಾಕಿ ನೋಡಿದ್ದಾರೆ ಅನ್ನಿಸುತ್ತೆ.

ಮೂರೂ 0,1. ಆದರೆ ಪಿಂಗ್ ಹೋಗಲ್ಲ. ಐಪಿ ಅಡ್ರೆಸ್ಸೇ ಬಂದಿಲ್ಲ.

---

ಐರೋಲಿ_ಅಕ್ಕ

ಎಪಿಎನ್ ಏನು ಹಾಕಿದ್ದೀರಿ? 5ಜಿಯಲ್ಲಿ ಅದನ್ನೇ ಡಿಎನ್‌ಎನ್ ಅನ್ನುತ್ತಾರೆ. ಫೋನಿನಲ್ಲಿ ಎಪಿಎನ್ ಸೆಟ್ಟಿಂಗ್ ತೆರೆದು ಅಲ್ಲಿರುವ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಸಿಜಿಡಿಸಿಒಎನ್‌ಟಿ ಮೊದಲ ಸಾಲಿಗೆ ಹಾಕಿ. ಬಗೆ ಐಪಿವಿ4 ಇಡಿ. ಐಎಂಎಸ್, ಎಸ್‌ಒಎಸ್ ಅಂತ ಎರಡನೇ, ಮೂರನೇ ಸಾಲು ಇದ್ದರೆ ಅಳಿಸಿಬಿಡಿ. ಈ ನೆಟ್‌ವರ್ಕ್‌ನಲ್ಲಿ ಕಾಲ್ ಮಾಡುವ ಏರ್ಪಾಡು ಇಲ್ಲದಿದ್ದರೆ ಅವು ಸುಮ್ನೆ ಹೋಗಿ ಬೈಸಿಕೊಂಡು ಬರುತ್ತವೆ. ಕೋರ್ ಲಾಗ್‌ನಲ್ಲಿ 27 ಅಂತ ಕಂಡರೆ ಡಿಎನ್‌ಎನ್ ಹೆಸರು ತಪ್ಪು ಅಂತಲೇ ಅರ್ಥ.

---

ಬಸು_ಭೋಸರಿ

27ಏ. ಅಕ್ಕಾ, ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ ಇತ್ತು, ಅವರು ಕಳಿಸಿದ ಮೆಸೇಜಿನ ಪೂರ್ಣವಿರಾಮ! ತೆಗೆದೆ, ಐಪಿ ಬಂತು. ಈಗ ಕೊನೆಯ ಮೈಲಿ. ಗಾಡಿಯಿಂದ ಸರ್ವರ್‌ಗೆ ಪಿಂಗ್ ಹೋಗುತ್ತೆ. ಸರ್ವರ್ ಕಡೆಯಿಂದ ಗಾಡಿಯ ಪಿಎಲ್‌ಸಿ (ಗಾಡಿ ನಡೆಸುವ ಕಂಟ್ರೋಲರ್) ಸಿಗಲ್ಲ. ಯಂತ್ರಗಳು ಮಾತಾಡುವ ಭಾಷೆ ಮೋಡ್‌ಬಸ್ ಒಂದಿಷ್ಟು ಇದೆ, ಪ್ರೊಫಿನೆಟ್ ಒಂದಿಷ್ಟು.

---

ಹಿಂಜವಡಿ_ಹರ್ಷ

ಸಿಗದಿರುವುದು ಸಹಜ. ಕೋರ್‌ಗೆ ಗೊತ್ತಿರುವುದು ಮೋಡೆಮ್‌ನ ಐಪಿ ಮಾತ್ರ, ಅದರ ಬೆನ್ನ ಹಿಂದಿನ ಪಿಎಲ್‌ಸಿಯ ಐಪಿ ಅಲ್ಲ. ಮೋಡ್‌ಬಸ್ ಒಂದೇ ಇದ್ದರೆ ಲಿನಕ್ಸ್ ಪೆಟ್ಟಿಗೆಯಲ್ಲಿ 502 ಪೋರ್ಟನ್ನು ಪಿಎಲ್‌ಸಿಗೆ ಫಾರ್ವರ್ಡ್ ಮಾಡಿದರೆ ಸಾಕು. ಒಪಿಸಿ ಯುಎ (ಇದೂ ಯಂತ್ರಗಳ ಭಾಷೆ, ಸಿಮ್‌ನ ಒಪಿಸಿ ಅಲ್ಲ) ಬಂದರೆ 4840. ಪ್ರತಿ ಗಾಡಿಯ ಸಿಮ್‌ಗೆ ಸ್ಥಿರ ಐಪಿ ಇರಲಿ ಅಂತ ಕೋರ್‌ನವರಿಗೆ ಹೇಳಿ. ಇಡೀ ಸಬ್‌ನೆಟ್ ಕಾಣಬೇಕಾದರೆ ಕೋರ್‌ನಲ್ಲಿ ಫ್ರೇಮ್ಡ್ ರೌಟಿಂಗ್ ಇದೆಯಾ ಕೇಳಿ. ಇಲ್ಲದಿದ್ದರೆ ವೈರ್‌ಗಾರ್ಡ್ ವಿಪಿಎನ್ ಟನೆಲ್.

ಪ್ರೊಫಿನೆಟ್ ಬೇರೆ ಜಾತಿ. ಅದರ ರಿಯಲ್‌ಟೈಮ್ ಪ್ಯಾಕೆಟ್‌ಗೆ ಐಪಿನೇ ಇಲ್ಲ, ನೇರ ಈಥರ್‌ನೆಟ್ ಫ್ರೇಮ್. ಐಪಿ ಮಾತ್ರ ಹೊರುವ ದಾರಿಯಲ್ಲಿ ಅದು ಹೋಗಲ್ಲ. 5ಜಿಯಲ್ಲಿ ಈಥರ್‌ನೆಟ್ ಬಗೆಯ ಸೆಷನ್ ಅಂತ ಇದೆ, ಆದರೆ ಮೋಡೆಮ್ ಮತ್ತು ಕೋರ್ ಎರಡೂ ಒಪ್ಪಬೇಕು. ಒಪ್ಪದಿದ್ದರೆ ವಿಎಕ್ಸ್‌ಲ್ಯಾನ್ ಹಾಕಿ ಮೇಲಿಂದ ಹೊರಿಸಬೇಕು. ನನ್ನ ಸಲಹೆ: ಪ್ರೊಫಿನೆಟ್ ಗಾಡಿ ಒಳಗೇ ಇರಲಿ, ಗಾಳಿಯಲ್ಲಿ ಮೋಡ್‌ಬಸ್ ಮಾತ್ರ ಹೋಗಲಿ. ಎಮರ್ಜೆನ್ಸಿ ಸ್ಟಾಪ್ ಅಂತೂ ಗಾಡಿ ಮೇಲಿನ ವೈರ್‌ನಲ್ಲೇ ಇರಬೇಕು.

---

ಬಸು_ಭೋಸರಿ

ಪೋರ್ಟ್ ಫಾರ್ವರ್ಡ್ ಆಯ್ತು, ಮೋಡ್‌ಬಸ್ ಓಡುತ್ತಿದೆ. ಗಾಡಿಗಳು ಶೆಡ್‌ನ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗುತ್ತಿವೆ. ಪಿಎಲ್‌ಸಿಗೆ ಪ್ರೋಗ್ರಾಂ ಡೌನ್‌ಲೋಡ್ ಮಾಡಲು ವೈರ್‌ಗಾರ್ಡ್ ಕೂಡ ಹಾಕಿದೆ. ಅಲ್ಲೊಂದು ವಿಚಿತ್ರ: ಡೌನ್‌ಲೋಡ್ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತೆ. ಪಿಂಗ್ ಚೆನ್ನಾಗೇ ಇದೆ.

---

ಕೋರ್_ಕಾಕಾ

ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಸಣ್ಣ ಪ್ಯಾಕೆಟ್ ದಾಟುತ್ತೆ, ದೊಡ್ಡದು ಸಿಕ್ಕಿಕೊಳ್ಳುತ್ತೆ. ರೇಡಿಯೊದಿಂದ ಕೋರ್‌ಗೆ ಹೋಗುವಾಗ ನಿಮ್ಮ ಪ್ಯಾಕೆಟ್ ಮೇಲೆ ಜಿಟಿಪಿಯ ಹೊದಿಕೆ ಬೀಳುತ್ತೆ, 5ಜಿಯಲ್ಲಿ ಸುಮಾರು 44 ಬೈಟ್. ಪೂರ್ತಿ 1500 ಬೈಟ್ ತುಂಬಿದ ಪ್ಯಾಕೆಟ್‌ಗೆ ಇದು ಸೇರಿದರೆ ಕೆಳಗಿನ ಈಥರ್‌ನೆಟ್‌ನಲ್ಲಿ ಹಿಡಿಸಲ್ಲ. ನಿಮ್ಮ ವೈರ್‌ಗಾರ್ಡ್ ಅದರ ಮೇಲೆ ಇನ್ನೊಂದು ಹೊದಿಕೆ.

ಮೋಡೆಮ್ ಇಂಟರ್‌ಫೇಸ್‌ನಿಂದ ಒಡೆಯಬಾರದು ಅನ್ನುವ ಗುರುತಿನ ಜೊತೆ 1472 ಗಾತ್ರದ ಪಿಂಗ್ ಕಳಿಸಿ, ನಂತರ 1372. ಮೊದಲನೆಯದು ಬಿದ್ದು ಎರಡನೆಯದು ಹೋದರೆ ಮೋಡೆಮ್ ಇಂಟರ್‌ಫೇಸ್ 1400ಕ್ಕೆ ಇಳಿಸಿ. ಟನೆಲ್ 1320 ಇಡಿ.

---

ಬಸು_ಭೋಸರಿ

1472 ಬಿತ್ತು, 1372 ಹೋಯಿತು. ಎರಡೂ ಇಳಿಸಿದೆ. ಡೌನ್‌ಲೋಡ್ ಪೂರ್ತಿ ಆಯ್ತು. ಕಾಕಾ, ಅಕ್ಕಾ, ಹರ್ಷ, ಭೋಸರಿ ಕಡೆ ಬಂದರೆ ಫೋನ್ ಮಾಡಿ, ಜೋಳದ ರೊಟ್ಟಿ ಊಟ ನಮ್ಮ ಕಡೆಯಿಂದ.

ಸೂಪರ್‌ವೈಸರ್ ಆಂಟೆನಾ ಮಾತು ಇನ್ನೂ ಬಿಟ್ಟಿಲ್ಲ. ಗೋಡೌನ್ ಮೂಲೆಯಲ್ಲಿ ಒಂದು ಗಾಡಿ ಸ್ವಲ್ಪ ನಿಧಾನ ಆಗುತ್ತೆ, ಅಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ) ಮೈನಸ್ 108 ತೋರಿಸುತ್ತೆ. ಪೆಟ್ಟಿಗೆ ಕೆಳಗಿದೆ, ಆಂಟೆನಾ ಮೇಲಕ್ಕೆ ಒಯ್ಯಲು ಐದು ಮೀಟರ್ ವೈರ್ ಕೊಟ್ಟಿದ್ದಾರೆ.

---

ಕೋರ್_ಕಾಕಾ

ಅಲ್ಲಿ ಅವರ ಮಾತು ಅರ್ಧ ಸರಿ. ಆಂಟೆನಾ ಮೇಲಕ್ಕೆ ಹೋಗಲಿ, ಆದರೆ ಆ ತೆಳ್ಳಗಿನ ಆರ್‌ಜಿ174 ವೈರ್‌ನಲ್ಲಿ ಅಲ್ಲ. 3.5 ಗಿಗಾಹರ್ಟ್ಸ್‌ನಲ್ಲಿ ಅದು ಮೀಟರಿಗೆ 2 ಡಿಬಿಗಿಂತ ಜಾಸ್ತಿ ನುಂಗುತ್ತೆ. ಐದು ಮೀಟರಿಗೆ 10 ಡಿಬಿ ಹೋಯಿತು, ಅಂದ್ರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಪೆಟ್ಟಿಗೆಯನ್ನೇ ಮೇಲಕ್ಕೆ ಹತ್ತಿಸಿ, ಆಂಟೆನಾ ಅದರ ಮೇಲೇ ಕೂರಿಸಿ, ಕೆಳಗಿನ ಪಿಎಲ್‌ಸಿಗೆ ಈಥರ್‌ನೆಟ್ ವೈರ್ ಇಳಿಸಿ. ಆಮೇಲೂ ಆ ಮೂಲೆ ಮೈನಸ್ 100ರ ಕೆಳಗೇ ಇದ್ದರೆ ಅಲ್ಲೊಂದು ರೇಡಿಯೊ ಹಾಕಲು ಗಿರಾಕಿಗೆ ಹೇಳಿ, ಅದು ನಿಮ್ಮ ಕೆಲಸ ಅಲ್ಲ.